ಮಸಾಲೆ ಡಬ್ಬಿಯಿಂದ ಹಲಸಿನ ಮರದವರೆಗೆ: ಕಲ್ಲುಹೂವಿನ ಕುಲ ಗುರುತಿಸುವ ಬಗೆ

ಬಿಸಿಬೇಳೆ ಬಾತಿನ ಪುಡಿಗೆ ಅಂತ ತಂದ ಕಲ್ಲುಹೂವಿನ ಪೊಟ್ಟಣ ನಿಮ್ಮ ಅಡುಗೆಮನೆಯಲ್ಲಿ ಇದೆಯಾ? ಇದ್ದರೆ ಒಂದು ಬಿಳಿ ತಟ್ಟೆಗೆ ಸುರಿಯಿರಿ. ಈ ಪಾಠ ಶುರುಮಾಡಲು ಕಾಡಿಗೆ ಹೋಗಬೇಕಾಗಿಲ್ಲ.

ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. 30 ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟೆ. ಕಲ್ಲುಹೂವಿನ (ಇಂಗ್ಲಿಷಿನ ಲೈಕನ್) ಪಾಠ ಬಂದಾಗಲೆಲ್ಲ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಪಾಚಿ ಮತ್ತು ಶಿಲೀಂಧ್ರದ ಸಹಜೀವನ, ಅದರಲ್ಲಿ ಮೂರು ಬಗೆ, ಪರೀಕ್ಷೆಗೆ ಎರಡು ಅಂಕ. ನಿವೃತ್ತಿಯಾದ ಮೇಲೆ ಅಂಗಳದ ಹಲಸಿನ ಮರದ ಬುಡದಲ್ಲಿ ಕೂತು ಕಾಂಡವನ್ನು ಸುಮ್ನೆ ನೋಡುತ್ತಿದ್ದೆ. ಕೈಗೆ ಎಟುಕುವಷ್ಟು ಜಾಗದಲ್ಲೇ 11 ಬಗೆ ಎಣಿಸಿದೆ. ಒಂದರ ಹೆಸರೂ ನನಗೆ ಬರಲಿಲ್ಲ. ಅವತ್ತಿನಿಂದ ಕಲಿಯುತ್ತಾ ಬಂದಿದ್ದೇನೆ. ಹೊಸದಾಗಿ ನೋಡಲು ಹೊರಟವರಿಗೆ ಏನು ಬೇಕು, ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ಎಡವುತ್ತೀರಿ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹೆಸರು ಯಾರದ್ದು?

ಮೊದಲು ಇದೊಂದು ತಿಳಿದಿರಲಿ. ಕಲ್ಲುಹೂವಿನೊಳಗೆ ಮನೆ ಕಟ್ಟುವುದು ಒಂದು ಶಿಲೀಂಧ್ರ, ಅಂದರೆ ನಮ್ಮ ಬೂಷ್ಟು, ಅಣಬೆಗಳ ಬಳಗದ್ದು. ಆ ಮನೆಯೊಳಗೆ ಬಿಸಿಲು ಹಿಡಿದು ಅಡುಗೆ ಮಾಡುವುದು ಹಸಿರು ಪಾಚಿ, ಇಲ್ಲವೇ ಸಯನೋಬ್ಯಾಕ್ಟೀರಿಯಾ ಅನ್ನುವ ನೀಲಿ-ಹಸಿರು ಬ್ಯಾಕ್ಟೀರಿಯಾ. ಕೆಲವು ಕಡೆ ಎರಡೂ ಇರುತ್ತವೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1867ರಲ್ಲಿ ಇದನ್ನು ಹೇಳಿದಾಗ ಆ ಕಾಲದ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಅಲ್ಲಿಯವರೆಗೂ ಕಲ್ಲುಹೂವನ್ನು ಒಂದು ಸ್ವತಂತ್ರ ಗಿಡ ಅಂತಲೇ ಎಣಿಸಿದ್ದರು.

ಈಗ ನಾಮಕರಣದ ನಿಯಮ ಸ್ಪಷ್ಟವಾಗಿದೆ. ಕಲ್ಲುಹೂವಿಗೆ ಇಟ್ಟ ಹೆಸರು ಅದರ ಶಿಲೀಂಧ್ರದ ಹೆಸರು. ಒಳಗಿನ ಪಾಚಿಗೆ ಬೇರೆಯದೇ ಹೆಸರಿದೆ. ಹಾಗಾಗಿ ನೀವು ಕಲ್ಲುಹೂವನ್ನು ಗುರುತಿಸುತ್ತಿದ್ದೀರಿ ಅಂದರೆ ಒಂದು ಶಿಲೀಂಧ್ರದ ಮನೆತನ ಹುಡುಕುತ್ತಿದ್ದೀರಿ. ಇದನ್ನು ಮರೆತರೆ ಮುಂದಿನದೆಲ್ಲ ಗೋಜಲಾಗುತ್ತದೆ. 2016ರಲ್ಲಿ ಮಾಡಿದ ಒಂದು ದೊಡ್ಡ ಪಟ್ಟಿಯ ಪ್ರಕಾರ ಇಂಥ ಶಿಲೀಂಧ್ರಗಳು 19,387 ಪ್ರಭೇದ, 995 ಕುಲ, 115 ಕುಟುಂಬ. ಹೆಚ್ಚುಕಡಿಮೆ ಎಲ್ಲವೂ ಆಸ್ಕೋಮೈಕೋಟಾ ಅನ್ನುವ ವಿಭಾಗದವು. ಅವು ಬೀಜಾಣುಗಳನ್ನು ಸಣ್ಣ ಚೀಲದಲ್ಲಿ ಕಟ್ಟಿಡುತ್ತವೆ. ಕೊಡೆಯಣಬೆಗಳ ಕಡೆಯ ಸಂಬಂಧಿಕರು ತೀರಾ ಕಡಿಮೆ.

ಏನೇನು ಬೇಕು

10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ. ಇದಿಲ್ಲದೆ ಏನೂ ಆಗುವುದಿಲ್ಲ. ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ಮುಖವನ್ನೇ ಮರದ ಹತ್ತಿರ ತನ್ನಿ. ದೂರದಲ್ಲಿ ಹಿಡಿದು ನೋಡಿದರೆ ಮಸುಕು ಮಸುಕಾಗಿ ಕಂಡು ಬೇಸರ ಬರುತ್ತದೆ. ಜೊತೆಗೆ ಶೇವಿಂಗ್ ಬ್ಲೇಡು, ಹಲ್ಲುಕಡ್ಡಿ, ನೀರಿನ ಸ್ಪ್ರೇ ಬಾಟಲಿ, ಹಳೆಯ ಕಾಗದದಿಂದ ಮಾಡಿದ ಲಕೋಟೆ, ಪೆನ್ಸಿಲ್.

ಮತ್ತೆ ಎರಡು ದ್ರಾವಣ ಬೇಕು. ಒಂದು, ಬ್ಲೀಚ್. ಬಟ್ಟೆಗೆ ಹಾಕುವ, ವಾಸನೆ ಬೆರೆಸದ ಬ್ಲೀಚ್ ಆದೀತು. ಅದಿಲ್ಲದಿದ್ದರೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಒಂದು ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರು ತೆಗೆದುಕೊಳ್ಳಿ. ಎರಡು, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಹತ್ತಿರದ ಶಾಲೆಯ ಪ್ರಯೋಗಾಲಯದಲ್ಲಿ ಕೇಳಿದರೆ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಹಾಕಿಕೊಡುತ್ತಾರೆ. ಇದು ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಕನ್ನಡಕ ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಬ್ಲೀಚನ್ನು ಯಾವ ಆಮ್ಲದ ಜೊತೆಗೂ, ಟಾಯ್ಲೆಟ್ ತೊಳೆಯುವ ದ್ರಾವಣದ ಜೊತೆಗೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಎಲ್ಲಿಂದ ತರಬೇಕು? ಮಳೆಗಾಲದ ಗಾಳಿಗೆ ಮುರಿದು ಬಿದ್ದ ಕೊಂಬೆಗಳೇ ಸಾಕು. ಮರದ ತುದಿಯಲ್ಲಿ ಬೆಳೆಯುವವೂ ಅದರಲ್ಲಿ ಸಿಗುತ್ತವೆ. ಎಲೆಯಂಥವು ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆದರೆ ಹೆಚ್ಚು. ಬಂಡೆಗೆ ಅಂಟಿದ ಕೆಲವು ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ ಒಂದನ್ನು ಕಿತ್ತರೆ ಎಷ್ಟು ವರ್ಷ ಕಿತ್ತ ಹಾಗಾಯಿತು ನೀವೇ ಲೆಕ್ಕ ಹಾಕಿ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಏನನ್ನೂ ಮುಟ್ಟಬೇಡಿ. ದೇವಸ್ಥಾನದ ಹಳೆಯ ಕಲ್ಲಿನ ಮೇಲೆ ದ್ರಾವಣ ಹಾಕುವುದಂತೂ ಬೇಡವೇ ಬೇಡ.

ಆಕಾರ ನೋಡಿ, ಆದರೆ ನಂಬಬೇಡಿ

ನಾನು ತರಗತಿಯಲ್ಲಿ ಹೇಳುತ್ತಿದ್ದ ಮೂರು ಬಗೆ ನಿಮಗೂ ನೆನಪಿರಬಹುದು. ತೊಗಟೆಗೆ ಬಳಿದ ಹಾಗೆ ಅಂಟಿರುವ ಪದರದವು, ಎಲೆಯಂಥವು, ಪೊದೆ ಅಥವಾ ಗಡ್ಡದಂಥವು. ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ತೊಗಟೆ ಸಮೇತ ಬಂದರೆ ಪದರದ ಬಗೆ. ಅಡಿಭಾಗ ಬೇರೆಯಾಗಿ ಕಂಡರೆ ಎಲೆಯ ಬಗೆ. ಒಂದೇ ಕಡೆ ಹಿಡಿದುಕೊಂಡು ಉಳಿದದ್ದು ಜೋತುಬಿದ್ದಿದ್ದರೆ ಪೊದೆಯ ಬಗೆ. ಲಕೋಟೆಗಳನ್ನು ಬೇರೆ ಬೇರೆ ಮಾಡಿಟ್ಟುಕೊಳ್ಳಲು ಇದು ತುಂಬಾ ಅನುಕೂಲ.

ಮನೆತನ ತಿಳಿಯಲು ಮಾತ್ರ ಇದು ಸಾಲದು. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತನಗೆ ಗೊತ್ತಿದ್ದ ಕಲ್ಲುಹೂವುಗಳನ್ನೆಲ್ಲ ಒಂದೇ ಕುಲದಲ್ಲಿ ತುಂಬಿಬಿಟ್ಟ. ಅವು ಸಸ್ಯಲೋಕದ ಕಡುಬಡ ರೈತರು ಅಂತ ಅವನ ಮಾತು. ಅವನ ಕೊನೆಯ ಶಿಷ್ಯರಲ್ಲಿ ಒಬ್ಬನಾದ ಎರಿಕ್ ಅಕೇರಿಯಸ್ 1803ರ ಹೊತ್ತಿಗೆ ಆ ರಾಶಿಯನ್ನು ಬಿಡಿಸಿ ಕುಲಗಳಾಗಿ ವಿಂಗಡಿಸಿದ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಆಕಾರಕ್ಕೆ ಬಹಳ ಬೆಲೆ ಕೊಟ್ಟರು. ಎಲೆಯ ಆಕಾರ ಒಂದೇ ಮನೆತನದಲ್ಲಿ ಹುಟ್ಟಿದ್ದಲ್ಲ. ಬಿಸಿಲು, ಮಳೆ ಎರಡನ್ನೂ ಜಾಸ್ತಿ ಹಿಡಿಯಲು ಅಗಲವಾಗಿ ಹರಡುವುದು ಒಳ್ಳೆಯ ಉಪಾಯ. ಆ ಉಪಾಯವನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಶಿಲೀಂಧ್ರಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಇದಕ್ಕೆ ನನ್ನನ್ನು ಬೆಚ್ಚಿಬೀಳಿಸಿದ ಉದಾಹರಣೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕೋರಾ. ಚಿತ್ರ ನೋಡಿದರೆ ಅಗಲ ಎಲೆಯ ಕಲ್ಲುಹೂವು, ಬೂದು ಬಣ್ಣ, ದುಂಡು ಅಂಚು. ಅದರ ಶಿಲೀಂಧ್ರವೋ, ಅಣಬೆಗಳ ಕಡೆಯದ್ದು! ನಮ್ಮ ಮಸಾಲೆಯ ಕಲ್ಲುಹೂವಿಗೆ ಅದು ಬಲು ದೂರದ ನೆಂಟ. ಇನ್ನೂ ಒಂದು ಮಾತು. ಬಹಳ ಕಾಲ ಅದನ್ನು ಒಂದೇ ಪ್ರಭೇದ ಅಂತ ತಿಳಿದಿದ್ದರು. ಡಿಎನ್‌ಎ ನೋಡಿ 2014ರಲ್ಲಿ ಪ್ರಕಟಿಸಿದಾಗ 126 ಪ್ರಭೇದಗಳು ಹೊರಬಂದವು. ಒಟ್ಟು 400ಕ್ಕೂ ಜಾಸ್ತಿ ಇರಬಹುದು ಅಂತ ಅಂದಾಜು.

ಉಗುರಿನಿಂದ ಕೆರೆದು ನೋಡಿ

ನೀರು ಚಿಮುಕಿಸಿ ಎರಡು ನಿಮಿಷ ಬಿಡಿ. ಮೇಲಿನ ಪೊರೆ ಪಾರದರ್ಶಕವಾಗಿ ಒಳಗಿನ ಪಾಚಿಯ ಬಣ್ಣ ಎದ್ದು ಕಾಣುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಎಳೆ ಹುಲ್ಲಿನ ಹಸಿರು ಬಂತಾ? ಹಾಗಾದರೆ ಒಳಗಿರುವುದು ಹೆಚ್ಚಾಗಿ ಟ್ರೆಬೌಕ್ಸಿಯಾದಂಥ ಹಸಿರು ಪಾಚಿ. ಒದ್ದೆಯಾದಾಗ ಲೋಳೆಯ ಹಾಗೆ ಉಬ್ಬಿ ಕಪ್ಪು-ನೀಲಿಯಾಗಿ ಕಂಡರೆ ಸಯನೋಬ್ಯಾಕ್ಟೀರಿಯಾ.

ಕೆರೆದ ಜಾಗ ಹಳದಿ ಅಥವಾ ಕಿತ್ತಳೆ ಕಡೆಗೆ ತಿರುಗಿದರೆ ಅದು ಟ್ರೆಂಟಿಪೋಲಿಯಾ. ಹೆಸರು ಹೊಸದಿರಬಹುದು, ಪಾಚಿ ನಿಮಗೆ ಗೊತ್ತಿರುವುದೇ. ಮಲೆನಾಡಿನಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಗೋಡೆ, ಮರದ ಕಾಂಡ, ರಸ್ತೆ ಬದಿಯ ಕಲ್ಲಿನ ಮೇಲೆ ಇಟ್ಟಿಗೆ ಬಣ್ಣದ ನುಣುಪಾದ ಮಖಮಲ್ಲು ಬೆಳೆಯುತ್ತದಲ್ಲ, ಅದು ಇದೇ ಪಾಚಿ. ಜಾತಿ ಹಸಿರು ಪಾಚಿಯದು, ಒಳಗಿನ ಕಿತ್ತಳೆ ಬಣ್ಣ ಹಸಿರನ್ನು ಮುಚ್ಚಿಹಾಕುತ್ತದೆ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಸುರಿದು ಎಲ್ಲರೂ ಗಾಬರಿಯಾಗಿದ್ದರು. ಆ ನೀರಿನಲ್ಲಿ ಇದ್ದದ್ದು ಇದರ ಬೀಜಾಣು.

ಕಿತ್ತಳೆ ಗೆರೆ ಕಂಡಿತು ಅಂದರೆ ನಿಮ್ಮ ಹುಡುಕಾಟ ಒಮ್ಮೆಗೇ ಸಣ್ಣದಾಗುತ್ತದೆ. ಉಷ್ಣವಲಯದ ಪದರದ ಬಗೆಗಳಲ್ಲಿ ಟ್ರೆಂಟಿಪೋಲಿಯಾ ಸಾಕುವ ಕೆಲವೇ ದೊಡ್ಡ ಮನೆತನಗಳಿವೆ. ಅವುಗಳನ್ನು ಬಿಡಿಸಲು ಮುಂದಿನ ಹೆಜ್ಜೆ.

ಹಣ್ಣು ಓದುವುದು

ಹಣ್ಣು ಅಂತ ನಾನು ಕರೆಯುವುದು ಶಿಲೀಂಧ್ರ ಬೀಜಾಣು ಬಿಡುವ ಅಂಗವನ್ನು. ಶಿಲೀಂಧ್ರದ ನಿಜವಾದ ಸಹಿ ಇದೇ. ಆಕಾರ ಬದಲಾದರೂ ಇದರ ಒಳಗಟ್ಟು ಬೇಗ ಬದಲಾಗುವುದಿಲ್ಲ. ಮಸೂರದಲ್ಲಿ ಮೂರು ತರಹ ಕಾಣುತ್ತದೆ. ಅಂಚು ಕಟ್ಟಿದ ಪುಟ್ಟ ತಟ್ಟೆ ಅಥವಾ ಬಟ್ಟಲು ಒಂದು. ಕಪ್ಪು ಚುಕ್ಕೆಯ ಹಾಗೆ ಮುಚ್ಚಿಕೊಂಡು ಮಧ್ಯೆ ಸೂಜಿ ಚುಚ್ಚಿದಷ್ಟು ತೂತಿರುವುದು ಇನ್ನೊಂದು. ಮೂರನೆಯದು ನನ್ನ ಮೆಚ್ಚಿನದು, ಗೆರೆ.

ಬಿಳಿ ಪದರದ ಮೇಲೆ ಯಾರೋ ಕಪ್ಪು ಶಾಯಿಯಲ್ಲಿ ಮೋಡಿ ಅಕ್ಷರ ಬರೆದ ಹಾಗೆ ಗೀಟು, ಕವಲು, ಕೊಕ್ಕೆ. ಅಡಿಕೆ ಮರದ ನುಣುಪು ಕಾಂಡದಲ್ಲಿ, ಎಳೆ ಹಲಸಿನ ಕೊಂಬೆಯಲ್ಲಿ ಹುಡುಕಿ. ಇದು ಗ್ರಾಫಿಸ್ ಮತ್ತು ಅದರ ನೆಂಟರು, ಗ್ರಾಫಿಡೇಸಿಯೇ ಕುಟುಂಬ. ಬಿಸಿ ನಾಡುಗಳ ಪದರದ ಕಲ್ಲುಹೂವುಗಳಲ್ಲಿ ಇಷ್ಟು ದೊಡ್ಡ ಕುಟುಂಬ ಇನ್ನೊಂದಿಲ್ಲ, 2,000ಕ್ಕೂ ಹೆಚ್ಚು ಪ್ರಭೇದ. ಉಗುರಿನಲ್ಲಿ ಕೆರೆದಾಗ ಕಿತ್ತಳೆ, ಮಸೂರದಲ್ಲಿ ಗೆರೆ. ಎರಡೂ ಸೇರಿದರೆ ಈ ಕುಟುಂಬದ ಬಾಗಿಲಿಗೆ ಬಂದಿರಿ ಅಂತ ಅರ್ಥ. ಗೆರೆ ಇರುವುದೆಲ್ಲ ಗ್ರಾಫಿಸ್ ಅಲ್ಲ ಅನ್ನುವುದು ನೆನಪಿರಲಿ. ಆರ್ಥೋನಿಯಾದ ವರ್ಗವೇ (ಕುಟುಂಬಕ್ಕಿಂತ ದೊಡ್ಡ ಗುಂಪು) ಬೇರೆ, ಅದರಲ್ಲೂ ಗೆರೆಯಂಥ ಹಣ್ಣು ಇರುತ್ತದೆ. ಗ್ರಾಫಿಸ್‌ನ ಗೆರೆಗೆ ಎರಡೂ ಬದಿಯಲ್ಲಿ ತುಟಿಯಂಥ ಗಟ್ಟಿ ಅಂಚು ಎದ್ದಿರುತ್ತದೆ. ಆರ್ಥೋನಿಯಾದ್ದು ಅಂಚಿಲ್ಲದೆ ಶಾಯಿ ಹರಡಿದ ಹಾಗೆ ಚಪ್ಪಟೆ.

ಶಾಲೆಯ ಸೂಕ್ಷ್ಮದರ್ಶಕವೋ ಕಾಗದದ ಫೋಲ್ಡ್‌ಸ್ಕೋಪೋ ಸಿಕ್ಕರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಒದ್ದೆ ಮಾಡಿದ ಗೆರೆಯನ್ನು ಬ್ಲೇಡಿನಿಂದ ಅಡ್ಡಕ್ಕೆ, ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ಯಿರಿ. ಮೊದಲ ಹತ್ತು ಕೊಯ್ತ ದಪ್ಪವಾಗಿಯೇ ಬರುತ್ತವೆ, ಬಿಡಬೇಡಿ. ಒಂದು ಹನಿ ನೀರಿನಲ್ಲಿಟ್ಟು ಗಾಜು ಮುಚ್ಚಿ ಮೆಲ್ಲಗೆ ಒತ್ತಿದರೆ ಚೀಲದಿಂದ ಬೀಜಾಣು ಹೊರಬರುತ್ತವೆ. ಗ್ರಾಫಿಸ್‌ನದ್ದು ಉದ್ದಕ್ಕೆ ಮಣಿ ಪೋಣಿಸಿದ ಹಾಗೆ, ಒಂದೊಂದು ಮಣಿಯೂ ಮಸೂರದ ಆಕಾರ. ಪಕ್ಕದಿಂದ ಅಯೋಡಿನ್ ದ್ರಾವಣ ಹರಿಸಿದರೆ ಆ ಮಣಿಸರ ನೇರಳೆ-ನೀಲಿಯಾಗುತ್ತದೆ. ಮೊದಲ ಸಲ ಇದನ್ನು ನೋಡಿದ ದಿನ ಅನ್ನ ಸೀದುಹೋದದ್ದೂ ನನಗೆ ತಿಳಿಯಲಿಲ್ಲ.

ಹಣ್ಣೇ ಇಲ್ಲದಿದ್ದರೆ? ಎಲೆಯ ಬಗೆಗಳಲ್ಲಿ ಹಾಗೆ ಆಗುವುದೇ ಹೆಚ್ಚು. ಆಗ ಮೇಲ್ಮೈಯಲ್ಲಿ ಎರಡು ವಸ್ತು ಹುಡುಕಿ. ಹಿಟ್ಟು ಉದುರಿಸಿದಂಥ ಪುಡಿ ಇದ್ದರೆ ಅದು ಸೊರೀಡಿಯಾ. ರವೆಯ ಹಾಗೆ, ಪುಟ್ಟ ಕಡ್ಡಿಯ ಹಾಗೆ ಎದ್ದಿರುವುದು ಇಸಿಡಿಯಾ. ಎರಡರಲ್ಲೂ ಶಿಲೀಂಧ್ರ, ಪಾಚಿ ಒಟ್ಟಿಗೇ ಗಂಟು ಕಟ್ಟಿಕೊಂಡು ಹೊಸ ಜಾಗಕ್ಕೆ ಹೊರಟಿರುತ್ತವೆ. ಬೀಜಾಣು ಹಾಗಲ್ಲ, ಶಿಲೀಂಧ್ರ ಒಬ್ಬಂಟಿಯಾಗಿ ಹಾರುತ್ತದೆ. ಬಿದ್ದ ಕಡೆ ತನಗೆ ಒಗ್ಗುವ ಪಾಚಿಯನ್ನು ಹೊಸದಾಗಿ ಹುಡುಕಿಕೊಳ್ಳಬೇಕು.

ಈಗ ತಟ್ಟೆಯ ಪೊಟ್ಟಣಕ್ಕೆ ಬನ್ನಿ

ಸುರಿದಿಟ್ಟ ಕಲ್ಲುಹೂವಿನಿಂದ ಒಂದು ಹಿಡಿ ಬೇರೆ ಮಾಡಿ. ಇದು ಮತ್ತೆ ಅಡುಗೆಗೆ ಹೋಗಬಾರದು. ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನೆನೆಸಿದರೆ ಮುದುರಿದ್ದು ಬಿಡಿಸಿಕೊಳ್ಳುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಒಂದೇ ಪ್ರಭೇದ ಇರುವುದು ಅಪರೂಪ. ಕಳೆದ ವರ್ಷ ನಾನು ತಂದ 50 ಗ್ರಾಮಿನಲ್ಲಿ ಮೂರು ಬಗೆ ಸಿಕ್ಕವು, ಜೊತೆಗೆ ತೊಗಟೆ ಚೂರು.

ಮೊದಲನೆಯ ಗುಂಪು ಅಗಲ ಎಲೆಯದು. ಮೇಲೆ ಬೂದು, ಅಡಿಭಾಗದ ನಡುವೆ ಕಪ್ಪು, ಅಂಚಿನಲ್ಲಿ ಬೋಳು ಕಂದು. ಮೇಲ್ಮೈ ಮೇಲೆ ರವೆಯಂಥ ಇಸಿಡಿಯಾ. ಅಂಚಿನಲ್ಲಿ ರೋಮ ಇಲ್ಲ. ಎರಡನೆಯದೂ ಅಗಲವೇ, ಅಂಚಿನಲ್ಲಿ ಪುಡಿ. ಮಸೂರ ಹಿಡಿದರೆ ಮೇಲ್ಮೈ ತುಂಬ ಬಿಳಿ ಬಲೆಯಂಥ ಸಣ್ಣ ಬಿರುಕು. ಮೂರನೆಯದು ಎಲೆ ಅನ್ನುವುದಕ್ಕಿಂತ ಪಟ್ಟಿ, ಕಿರಿದಾಗಿ ಕವಲೊಡೆದು ಅಂಚಿಗೆ ಕಪ್ಪು ರೋಮ.

ಮೊದಲನೆಯದರಿಂದ ಅಕ್ಕಿಕಾಳಿನ ಅಗಲದ ಜಾಗ ಆರಿಸಿ, ನೀರು ಒತ್ತಿ ತೆಗೆದು, ಮೇಲಿನ ಬೂದು ಪೊರೆಯನ್ನು ಬ್ಲೇಡಿನಿಂದ ಹೆರೆಯಿರಿ. ಕೆಳಗೆ ಹಸಿರು, ಅದರ ಕೆಳಗೆ ಹತ್ತಿಯಂಥ ಬಿಳಿ ಒಳಪದರ ಕಾಣುತ್ತದೆ. ಹಲ್ಲುಕಡ್ಡಿಯ ತುದಿಯಿಂದ ಆ ಬಿಳಿಗೆ ಒಂದು ಪುಟ್ಟ ಹನಿ ಬ್ಲೀಚ್ ಮುಟ್ಟಿಸಿ. ಕಣ್ಣು ತೆಗೆಯಬೇಡಿ. ಎರಡು ಸೆಕೆಂಡಿನಲ್ಲಿ ಕುಂಕುಮ ನೀರಿಗೆ ಬಿದ್ದ ಹಾಗೆ ಕೆಂಪು ಹರಡುತ್ತದೆ. ಇದು ಲೆಕನೋರಿಕ್ ಆಮ್ಲದ ಗುರುತು. ನಿಮ್ಮ ಕೈಯಲ್ಲಿರುವುದು ಪಾರ್ಮೋಟ್ರೆಮಾ ಟಿಂಕ್ಟೋರಮ್. ಟಿಂಕ್ಟೋರಮ್ ಅಂದರೆ ಬಣ್ಣಗಾರರದ್ದು ಅಂತ ಅರ್ಥ.

ಎರಡನೆಯದಕ್ಕೆ ಬ್ಲೀಚ್ ಹಾಕಿ. ಏನೂ ಆಗುವುದಿಲ್ಲ. ಹೊಸ ಜಾಗ ಹೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮುಟ್ಟಿಸಿ. ಮೊದಲು ಅರಿಸಿನದ ಹಳದಿ, ಅರ್ಧ ನಿಮಿಷ ಒಂದು ನಿಮಿಷದಲ್ಲಿ ಇಟ್ಟಿಗೆಗೆಂಪು, ಆಮೇಲೆ ರಕ್ತಗೆಂಪು. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡಿದ್ದು ನೆನಪಾಗುತ್ತದೆ ಅಲ್ವಾ? ಇದು ಸಲಾಜಿನಿಕ್ ಆಮ್ಲ, ಪ್ರಭೇದ ಪಾರ್ಮೋಟ್ರೆಮಾ ರೆಟಿಕ್ಯುಲೇಟಮ್. ಪಟ್ಟಿಯಂಥ ಮೂರನೆಯದೂ ಹಾಗೇ ಕೆಂಪಾಯಿತು. ಅದು ಹಿಪೋಟ್ರಕೈನಾ ಸಿರ್ರಾಟಾ, ಹಳೆಯ ಪುಸ್ತಕಗಳಲ್ಲಿ ಎವರ್ನಿಯಾಸ್ಟ್ರಮ್. ಮೂರೂ ಪಾರ್ಮೆಲಿಯೇಸಿಯೇ ಅನ್ನುವ ಒಂದೇ ಕುಟುಂಬದವು.

ಈ ಬ್ಲೀಚ್ ಪರೀಕ್ಷೆ ಶುರುಮಾಡಿದ್ದು ಫಿನ್ಲೆಂಡಿನ ವಿಲಿಯಂ ನೈಲಾಂಡರ್, 1866ರಲ್ಲಿ. ಮರುವರ್ಷವೇ ಬಂದ ಶ್ವೆಂಡೆನರ್ ಮಾತನ್ನು ಅವರು ಸಾಯುವವರೆಗೂ ಒಪ್ಪಲಿಲ್ಲ. ಬಣ್ಣ ಕೊಡುವ ಈ ಆಮ್ಲಗಳನ್ನು ತಯಾರಿಸುವುದು ಶಿಲೀಂಧ್ರ. ಅಂದರೆ ಕಲ್ಲುಹೂವಿನೊಳಗೆ ಶಿಲೀಂಧ್ರ ಇದೆ ಅನ್ನುವುದನ್ನು ಒಪ್ಪದ ಮನುಷ್ಯನೇ ಆ ಶಿಲೀಂಧ್ರವನ್ನು ಮಾತಾಡಿಸುವ ದಾರಿ ನಮಗೆ ತೋರಿಸಿಕೊಟ್ಟರು. ಅವರ ಬಗ್ಗೆ ನನಗೆ ತುಂಬಾ ಗೌರವ.

ಒಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನನ್ನ ಬ್ಲೀಚ್ ಸತ್ತುಹೋಗಿತ್ತು. ತೆರೆದಿಟ್ಟರೆ ಅದರ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತದೆ. ಕೆಂಪಾಗಬೇಕಾದದ್ದು ಆಗಲಿಲ್ಲ, ನಾನು 14 ಲಕೋಟೆಯ ಮೇಲೆ ತಪ್ಪು ಹೆಸರು ಬರೆದೆ. ಎಲ್ಲವನ್ನೂ ಮತ್ತೆ ಬಿಚ್ಚಿ ನೋಡಲು ಒಂದು ತಿಂಗಳು ಹಿಡಿಯಿತು. ಈಗ ಖಚಿತವಾಗಿ ಗೊತ್ತಿರುವ ಟಿಂಕ್ಟೋರಮ್ ಚೂರೊಂದನ್ನು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಪ್ರತಿ ಸಲ ಮೊದಲ ಹನಿ ಅದಕ್ಕೆ. ಅದು ಕೆಂಪಾದರೆ ಮಾತ್ರ ಮುಂದಿನ ಕೆಲಸ.

ಬಂಡೆಯ ಮೇಲೆ ಹಳದಿ-ಕಿತ್ತಳೆ ಪದರ ಕಂಡರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಹಳ ಉಪಕಾರಿ. ಉದುರಿದ ಚೂರಿಗೆ ಒಂದು ಹನಿ ಹಾಕಿ. ತಟ್ಟನೆ ಕಡು ನೇರಳೆಯಾದರೆ ಕ್ಯಾಲೋಪ್ಲಾಕಾದ ಬಳಗ. ಹಳದಿ ಹಳದಿಯಾಗಿಯೇ ಉಳಿದರೆ ಬೇರೆ ಮನೆ ಹುಡುಕಬೇಕು.

ಒಂದೇ ಸಾಕ್ಷಿ ಸಾಲದು

ಬಣ್ಣದ ಆಟ ಕೈಗೆ ಬಂದ ಮೇಲೆ ಎಲ್ಲವನ್ನೂ ಹನಿಯಿಂದಲೇ ತೀರ್ಮಾನಿಸಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಒಬ್ಬ ಹಳೆಯ ವಿದ್ಯಾರ್ಥಿ ತಮಿಳುನಾಡಿನ ಕರಾವಳಿಯಿಂದ ಮರದ ಕೊಂಬೆಗೆ ಜೋತುಬಿದ್ದ ಬೂದು ಪಟ್ಟಿಗಳನ್ನು ತಂದುಕೊಟ್ಟ. "ಮೇಡಂ, ಬ್ಲೀಚ್‌ಗೆ ಕೆಂಪಾಯ್ತು, ಇದೂ ಪಾರ್ಮೋಟ್ರೆಮಾ ಕಡೆಯದ್ದೇ ಅಲ್ವಾ?" ಅಂದ. ಉಗುರಿನಿಂದ ಕೆರೆಯಲು ಹೇಳಿದೆ. ಕಿತ್ತಳೆ ಬಂತು. ಪಾರ್ಮೆಲಿಯೇಸಿಯೇ ಮನೆಯಲ್ಲಿ ಟ್ರೆಂಟಿಪೋಲಿಯಾ ಸಾಕುವವರಿಲ್ಲ. ಅವನು ತಂದದ್ದು ರಾಕ್ಸೆಲ್ಲಾ ಮಾಂಟೇನಿಯೈ. ಶಾಲೆಯ ಲಿಟ್ಮಸ್ ಕಾಗದದ ಬಣ್ಣ ಮೊದಲು ಬರುತ್ತಿದ್ದದ್ದು ಇದೇ ರಾಕ್ಸೆಲ್ಲಾ ಕುಲದಿಂದ. ಅದರ ವರ್ಗ ಆರ್ಥೋನಿಯೋಮೈಸೀಟ್ಸ್, ಪಾರ್ಮೋಟ್ರೆಮಾದ ವರ್ಗ ಲೆಕನೋರೋಮೈಸೀಟ್ಸ್. ಲೆಕನೋರಿಕ್ ಆಮ್ಲ ಮಾತ್ರ ಎರಡು ಮನೆಯಲ್ಲೂ ಇದೆ.

ಆದ್ದರಿಂದ ನನ್ನ ಪದ್ಧತಿ ಇದು. ಕೆರೆದಾಗ ಬಂದ ಬಣ್ಣ, ಹಣ್ಣು ಅಥವಾ ಪುಡಿ, ಹನಿಯ ಬಣ್ಣ. ಮೂರೂ ಒಂದೇ ಮಾತು ಹೇಳಿದರೆ ಹೆಸರು ಬರೆಯಿರಿ. ಒಂದು ಬೇರೆ ಹೇಳಿದರೂ ಕುಟುಂಬದವರೆಗೆ ಮಾತ್ರ ಬರೆದು, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ.

ವಂಶವೃಕ್ಷ ಏನು ಹೇಳುತ್ತದೆ

ರಾಕ್ಸೆಲ್ಲಾ, ಪಾರ್ಮೋಟ್ರೆಮಾ, ಕೋರಾ. ಮೂವರೂ ಪಾಚಿ ಸಾಕುತ್ತಾರೆ, ಮೂವರೂ ದೂರದವರು. ಹಾಗಾದರೆ ಈ ಪಾಚಿ ಸಾಕುವ ಕಸುಬು ಎಷ್ಟು ಸಲ ಹುಟ್ಟಿತು? 1995ರಲ್ಲಿ ಆಂಡ್ರಿಯಾ ಗಾರ್ಗಾಸ್ ಮತ್ತು ಸಂಗಡಿಗರು ಶಿಲೀಂಧ್ರಗಳ ಡಿಎನ್‌ಎ ಹೋಲಿಸಿ, ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಹುಟ್ಟಿದೆ ಅಂದರು. 2001ರಲ್ಲಿ ಫ್ರಾಂಸ್ವಾ ಲುಟ್ಜೋನಿ ತಂಡ ಕಥೆಗೆ ಇನ್ನೊಂದು ತಿರುವು ಕೊಟ್ಟಿತು. ಕಸುಬು ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚಿರಬಹುದು ಅಂತ. ಪೆನ್ಸಿಲಿನ್ ಕೊಡುವ ಪೆನಿಸಿಲಿಯಂ, ಹಳಸಿದ ರೊಟ್ಟಿ ಮೇಲಿನ ಆಸ್ಪರ್ಜಿಲಸ್ ಬೂಷ್ಟು, ಇವುಗಳ ದೂರದ ಪೂರ್ವಿಕರು ಒಂದು ಕಾಲದಲ್ಲಿ ಕಲ್ಲುಹೂವಾಗಿ ಬದುಕಿದ್ದವರು ಅನ್ನುವುದು ಅವರ ವಾದ. ಎಷ್ಟು ಸಲ ಹಿಡಿದರು, ಎಷ್ಟು ಸಲ ಬಿಟ್ಟರು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ನೆಲದ ಮೇಲೆ ಮೊದಲು ಕಾಲಿಟ್ಟದ್ದೇ ಕಲ್ಲುಹೂವು, ಬಂಡೆ ಕರಗಿಸಿ ಗಿಡಗಳಿಗೆ ದಾರಿ ಮಾಡಿತು ಅಂತ ನಾನೂ ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ಆ ಮಾತನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ. ಮ್ಯಾಥ್ಯೂ ನೆಲ್ಸನ್ ಮತ್ತು ಸಂಗಡಿಗರು 2019ರಲ್ಲಿ ಕಾಲದ ಲೆಕ್ಕ ಹಾಕಿ ನೋಡಿದಾಗ, ಈಗ ಇರುವ ಕಲ್ಲುಹೂವಿನ ಮನೆತನಗಳು ನೀರಿನ ನಾಳವಿರುವ ಗಿಡಗಳು ಬಂದ ಮೇಲೆ ಹುಟ್ಟಿದವು ಅಂತ ಕಂಡಿತು. ಖಾಲಿ ಬಂಡೆಯ ಮೇಲೆ ಇವತ್ತು ಮೊದಲು ಬರುವುದು ಕಲ್ಲುಹೂವೇ, ನಿಜ. ಭೂಮಿಯ ಚರಿತ್ರೆಯಲ್ಲೂ ಹಾಗೇ ಆಯಿತು ಅಂತ ಅದರಿಂದ ಹೇಳಲು ಬರುವುದಿಲ್ಲ.

ಒಬ್ಬ ಶಿಲೀಂಧ್ರ, ಒಬ್ಬ ಪಾಚಿ ಅನ್ನುವ ಲೆಕ್ಕವೂ ಸ್ವಲ್ಪ ಅಲುಗಾಡಿದೆ. ಉತ್ತರ ಅಮೆರಿಕದಲ್ಲಿ ಬ್ರಯೋರಿಯಾ ಅನ್ನುವ ಗಡ್ಡದಂಥ ಕಲ್ಲುಹೂವಿನಲ್ಲಿ ಎರಡು ತರಹ ಇವೆ. ಒಂದು ಕಂದು, ತಿನ್ನಬಹುದು. ಇನ್ನೊಂದು ಹಳದಿ ಛಾಯೆಯದು, ವಿಷ. ಶಿಲೀಂಧ್ರವೂ ಒಂದೇ, ಪಾಚಿಯೂ ಒಂದೇ. 2016ರಲ್ಲಿ ಟೋಬಿ ಸ್ಪ್ರಿಬಿಲ್ ತಂಡ ಅದರ ಹೊರಪೊರೆಯಲ್ಲಿ ಮೂರನೆಯವರನ್ನು ಕಂಡಿತು. ಅಣಬೆಗಳ ವಿಭಾಗಕ್ಕೆ ಸೇರಿದ ಒಂದು ಯೀಸ್ಟ್. ಹಳದಿಯದರಲ್ಲಿ ಅದು ಜಾಸ್ತಿ ಇತ್ತು. ನಿಮ್ಮ ಲಕೋಟೆಯ ಹೆಸರಿಗೆ ಇದರಿಂದ ತೊಂದರೆಯಿಲ್ಲ, ಹೆಸರು ಮನೆ ಕಟ್ಟುವ ಮುಖ್ಯ ಶಿಲೀಂಧ್ರದ್ದೇ.

ಹೆಸರುಗಳು ಬದಲಾಗುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಟಿಂಕ್ಟೋರಮ್ ಮೊದಲು ಪಾರ್ಮೆಲಿಯಾ ಕುಲದಲ್ಲಿತ್ತು. 1974ರಲ್ಲಿ ಅಮೆರಿಕದ ಕಲ್ಲುಹೂವಿನ ತಜ್ಞ ಮೇಸನ್ ಹೇಲ್ ಅದನ್ನು ಪಾರ್ಮೋಟ್ರೆಮಾಕ್ಕೆ ತಂದರು. ರೆಟಿಕ್ಯುಲೇಟಮ್ ಬಿಳಿ ಬಲೆಯ ಕಾರಣಕ್ಕೆ ಕೆಲವು ಕಾಲ ರಿಮೇಲಿಯಾ ಅನ್ನುವ ಬೇರೆ ಕುಲವಾಗಿತ್ತು. 2005ರಲ್ಲಿ ಡಿಎನ್‌ಎ ನೋಡಿ ವಾಪಸ್ ಪಾರ್ಮೋಟ್ರೆಮಾಕ್ಕೇ ಸೇರಿಸಿದರು. ಹಳೆಯ ಪುಸ್ತಕ ಹಿಡಿದು ಹುಡುಕುವಾಗ ಮೂರೂ ಹೆಸರು ನೆನಪಿದ್ದರೆ ಕೆಲಸ ಸಲೀಸು.

ತೋಟದವರಿಗೆ ಒಂದು ಮಾತು

ಎಲೆಚುಕ್ಕೆ ರೋಗ ನಮ್ಮ ಕಡೆ ಅಡಿಕೆಗೆ ಬಂದ ಮೇಲೆ ಮರದ ಮೇಲೆ ಯಾವ ಕಲೆ ಕಂಡರೂ ಎದೆ ಧಸಕ್ಕೆನ್ನುತ್ತದೆ. ಪಕ್ಕದ ತೋಟದ ಹುಡುಗ ಒಂದು ಸಂಜೆ ಓಡಿಬಂದ. "ಅಕ್ಕಾ, ರೋಗ ಕಾಂಡಕ್ಕೂ ಇಳಿದಿದೆ, ಬಿಳಿ ಬಿಳಿ ಪಟ್ಟಿ. ಕೆರೆದು ಮೈಲುತುತ್ತ ಬಳಿಯಲಾ?" ಅಂದ. ಹೋಗಿ ಮಸೂರ ಅವನ ಕೈಗೇ ಕೊಟ್ಟೆ. ಸ್ವಲ್ಪ ಹೊತ್ತು ನೋಡಿ, "ಇದೇನು, ಅಕ್ಷರ ಬರೆದಿದೆ?" ಅಂದ. "ಗ್ರಾಫಿಸ್ ಅಂತ ಹೆಸರು ಮಾರಾಯ. ಮರದ ಮೈಮೇಲೆ ಕೂತಿದೆ ಅಷ್ಟೇ, ಮರದಿಂದ ಏನೂ ಉಣ್ಣುವುದಿಲ್ಲ" ಅಂದೆ. ಕೆರೆದರೆ ಗಾಯವಾಗುವುದು ಮರಕ್ಕೆ. ಮಲೆನಾಡಿನ ತೇವಕ್ಕೆ ನಿಧಾನವಾಗಿ ಬೆಳೆಯುವ ನುಣುಪು ಕಾಂಡದಲ್ಲಿ ಕಲ್ಲುಹೂವು ಬರುವುದು ಸಹಜ. ಎಲೆಯ ಮೇಲಿನ ಚುಕ್ಕೆಗೆ ಮಾತ್ರ ತೋಟಗಾರಿಕೆಯವರನ್ನು ಕೇಳಿ, ಅದು ಬೇರೆಯೇ ವಿಷಯ.

ಲಕೋಟೆಯ ಮೇಲೆ ಏನು ಬರೆಯಬೇಕು

ಮಾದರಿಯನ್ನು ನೆರಳಿನಲ್ಲಿ ಎರಡು ದಿನ ಒಣಗಿಸಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹುಳ ಇರಬಹುದು ಅನ್ನಿಸಿದರೆ ಲಕೋಟೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮೂರು ದಿನ ಫ್ರೀಜರ್‌ನಲ್ಲಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮಳೆಗಾಲದಲ್ಲಿ ಹರಡುತ್ತದೆ. ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, ಜಾಗ, ದಿನ, ಮರ, ಎತ್ತರ, ಹನಿಯ ಫಲ ಬಿಡಬೇಡಿ. ಹೆಸರನ್ನು ಆಮೇಲೆ ಯಾರಾದರೂ ಸೇರಿಸಬಹುದು. ಎಲ್ಲಿ ಸಿಕ್ಕಿತು ಅನ್ನುವುದನ್ನು ನೀವಲ್ಲದೆ ಇನ್ಯಾರೂ ಬರೆಯಲಾರರು. ತಪ್ಪಾದ ಹೆಸರನ್ನು ಉಜ್ಜಿ ಅಳಿಸಬೇಡಿ, ಒಂದು ಗೆರೆ ಎಳೆದು ಕೆಳಗೆ ಹೊಸದು ಬರೆಯಿರಿ.

ಬ್ಲೀಚ್ ಸತ್ತಿದ್ದಾಗ ಎಡವಿದ ಆ 14ರಲ್ಲಿ ಒಂದು ಲಕೋಟೆಯ ಮೇಲೆ ಹೀಗಿದೆ: "ಮನೆಯ ಅಂಗಳ, ಹಲಸು, ಕಾಂಡದ ಉತ್ತರ ಬದಿ, ನೆಲದಿಂದ 4 ಅಡಿ. ಎಲೆಯ ಬಗೆ, ಅಗಲ, ಅಂಚಿನಲ್ಲಿ ರೋಮ ಇಲ್ಲ. ಕೆರೆದರೆ ಹಸಿರು. ಇಸಿಡಿಯಾ ಇದೆ, ಹಣ್ಣು ಇಲ್ಲ. ಬ್ಲೀಚ್: ಬದಲಾವಣೆ ಇಲ್ಲ." ಈ ಕೊನೆಯ ಮಾತಿನ ಮೇಲೆ ಒಂದು ಗೆರೆ. ಅದರ ಕೆಳಗೆ: "ಹೊಸ ಬ್ಲೀಚ್‌ನಲ್ಲಿ ಮತ್ತೆ ನೋಡಿದೆ, ಕೆಂಪು. ಪಾರ್ಮೋಟ್ರೆಮಾ ಟಿಂಕ್ಟೋರಮ್."